ಬೆರಳಣ್ಣ ಸರಿ ಎಂದ ಗಾಡಿ

ಆ ಊರಿನಲ್ಲಿ ಹಳೇ ಗಾಡಿ ಕೊಳ್ಳುವವರು ದುಡ್ಡು ಹೊಂದಿಸುವ ಮೊದಲು ಬೆರಳಣ್ಣನಿಗೆ ಯಾವತ್ತು ಬಿಡುವು ಎಂದು ವಿಚಾರಿಸುತ್ತಿದ್ದರು. ಹೆತ್ತವರು ಇಟ್ಟ ಹೆಸರು ಅವನಿಗೆ ಇಲ್ಲದೇ ಇರಲಿಲ್ಲ. ಅದು ಮತದಾರರ ಪಟ್ಟಿಯಲ್ಲೂ ಆಸ್ಪತ್ರೆಯ ಚೀಟಿಯಲ್ಲೂ ಬೆಚ್ಚಗೆ ಮಲಗಿತ್ತು. ಉಳಿದ ಲೋಕಕ್ಕೆಲ್ಲ ಅವನು ಬೆರಳಣ್ಣ. ಮಾರುವವನು ಎಂಥ ಮಾತಿನಮಲ್ಲನಾಗಿರಲಿ, ಗಾಡಿಗೆ ಎಷ್ಟೇ ಮಿರಿಮಿರಿ ಬಣ್ಣ ಬಳಿದಿರಲಿ, ಬೆರಳಣ್ಣ ಬಂದು ಬಲಗೈಯ ಮೂರು ಬೆರಳನ್ನು ತಗಡಿನ ಮೇಲೆ ಆಡಿಸಿದನೆಂದರೆ ಗಾಡಿ ತನ್ನ ಹುಟ್ಟಿನಿಂದ ಹಿಡಿದು ಎಲ್ಲವನ್ನೂ ಬಾಯಿಬಿಡುತ್ತಿತ್ತು. ಎಷ್ಟೋ ಮಾರಾಟಗಾರರು ಅವನು ಗೇಟು ದಾಟುವುದನ್ನು ಕಂಡೇ ಬೆಲೆ ಇಳಿಸಿದ್ದುಂಟು.

ಈ ವಿದ್ಯೆ ಅವನಿಗೆ ಬಂದದ್ದು ಮೂವತ್ತು ವರ್ಷದ ಟಿಂಕರಿಂಗ್ ಕೆಲಸದಿಂದ. ನಜ್ಜುಗುಜ್ಜಾದ ಗಾಡಿಗಳನ್ನು ತಟ್ಟಿ, ಬಡಿದು, ಬೆಸೆದು ಮತ್ತೆ ಗಾಡಿಯ ಆಕಾರಕ್ಕೆ ತರುತ್ತಿದ್ದ ಷೆಡ್ಡು ಅದು. ಅಲ್ಲಿಯ ಮುದಿ ಮೇಸ್ತ್ರಿ, ಕೆಲಸ ಮುಗಿದ ಬಾಗಿಲಿನ ಮುಂದೆ ಅವನನ್ನು ನಿಲ್ಲಿಸಿ, "ಕಣ್ಣು ಮುಚ್ಕೊಂಡು ಸವರು. ಬೆಸುಗೆ ಎಲ್ಲಿದೆ ಹೇಳು. ಹೇಳಿದ್ರೆ ಸಂಬಳ, ಇಲ್ದಿದ್ರೆ ಮನೆಗೆ ಹೋಗು" ಎನ್ನುತ್ತಿದ್ದ. ಸಂಬಳದ ಆಸೆಗೋ ಮನೆಗೆ ಹೋಗುವ ಭಯಕ್ಕೋ, ಅವನ ಬೆರಳ ತುದಿಗೆ ಕಣ್ಣು ಮೂಡಿತು. ಆಮೇಲೆ ಸೊಂಟ ಬಗ್ಗದಂತಾಗಿ ಸುತ್ತಿಗೆ ಕೆಳಗಿಟ್ಟಾಗ, ಆ ಬೆರಳುಗಳೇ ಅನ್ನಕ್ಕೆ ದಾರಿಯಾದವು.

ಕೆಲಸ ಹೀಗೆ. ಪ್ರತಿ ಗಾಡಿಯ ಮೈಯನ್ನು ಅಡಿಯಲ್ಲಿ ಹೊತ್ತ ಉಕ್ಕಿನ ತೊಲೆಯ ಮೇಲೆ, ಕಾರ್ಖಾನೆಯಲ್ಲೇ, ಒಂದು ಉದ್ದನೆಯ ನಂಬರು ಒತ್ತಿರುತ್ತಾರೆ. ಅದನ್ನು ಓದಲು ಬಂದವನಿಗೆ ಗಾಡಿ ಯಾವ ವರ್ಷದ್ದು, ಯಾವ ಮಾಡೆಲ್ಲು, ಒಳಗೆ ಏನೇನಿದೆ, ಎಲ್ಲ ತಿಳಿಯುತ್ತದೆ. ಮೋಸಗಾರರಿಗೂ ಓದಲು ಬರುತ್ತದಲ್ಲ! ಅವರು ಅಪಘಾತದಲ್ಲಿ ಸತ್ತ ಒಳ್ಳೆಯ ಗಾಡಿಯ ನಂಬರಿರುವ ತುಂಡನ್ನು ಕತ್ತರಿಸಿ, ಬೇರೊಂದು ಗಾಡಿಗೆ ಕೂರಿಸಿ ಬೆಸೆದು, ಉಜ್ಜಿ ನುಣುಪು ಮಾಡಿ, ಮೇಲೆ ಬಣ್ಣ ಹೊಡೆಯುತ್ತಾರೆ. ಕಣ್ಣಿಗೆ ಏನೂ ಕಾಣದು. ಬೆರಳು ಮಾತ್ರ ಅಲ್ಲಿ ಕೂದಲೆಳೆಯಷ್ಟು ಎಡವುತ್ತದೆ.

ಸವರಿ ನೋಡಿದ ಮೇಲೆ ಬೆರಳಣ್ಣ ನಂಬರಿನ ಮೇಲೊಂದು ತೆಳು ಕಾಗದ ಹಿಡಿದು ಪೆನ್ಸಿಲಿನಿಂದ ಉಜ್ಜುತ್ತಿದ್ದ. ನಂಬರು ಕಾಗದದಲ್ಲಿ ಅಚ್ಚಾಗಿ ಮೂಡುತ್ತಿತ್ತು. ಅದನ್ನು ಮನೆಗೆ ತಂದರೆ, ಹೆಂಡತಿ ನೋಟ್‌ಬುಕ್ಕಿಗೆ ಅಂಟಿಸಿ, ಪಕ್ಕದಲ್ಲಿ ಕೊಂಡವರ ಊರು, ಫೋನು ನಂಬರು ಬರೆಯುತ್ತಿದ್ದಳು. ಅವಳು ಬಟ್ಟೆ ಹೊಲಿಯುವವಳು, ಅಕ್ಷರವೂ ಹೊಲಿಗೆಯಷ್ಟೇ ಚೊಕ್ಕ. ಬೆರಳಣ್ಣನದು ಕಾಗೆ ಕಾಲು ಗುಬ್ಬಿ ಕಾಲು. ಆ ಅಚ್ಚನ್ನು ಅವನು ತಿರುಗಿಯೂ ನೋಡುತ್ತಿರಲಿಲ್ಲ. ಬೆರಳೇ ಹೇಳಿದ ಮೇಲೆ ಕಾಗದವನ್ನು ಕೇಳುವವರುಂಟೇ?

ಒಂದೂವರೆ ವರ್ಷದ ಕೆಳಗೆ ಒಂದು ದಿನ, ಒಲೆಯ ಮೇಲಿದ್ದ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ ನಿಂತವನಿಗೆ ಏನೋ ಸೀದ ವಾಸನೆ ಬಂತು. ಸೀಯುತ್ತಿದ್ದದ್ದು ಅವನದೇ ಚರ್ಮ. ಹೆಂಡತಿ ಬೊಬ್ಬೆ ಹೊಡೆದಳು, ಅವನು ನಕ್ಕು, "ಟಿಂಕರ್ ಕೈ ಕಣೇ, ಗಟ್ಟಿ" ಎಂದ. ಆದರೆ ಅವಳು ಅತ್ತ ಹೋದೊಡನೆ ಕಣ್ಣು ಮುಚ್ಚಿ, ಒಂದು ಚಿಟಿಕೆ ಉಪ್ಪು, ಒಂದು ಚಿಟಿಕೆ ಸಕ್ಕರೆ ತೆಗೆದು ಬೆರಳಿನ ನಡುವೆ ಹೊಸಕಿ ನೋಡಿದ. ಮೊದಲಾದರೆ ಯಾವುದು ಯಾವುದೆಂದು ಥಟ್ಟನೆ ಹೇಳುತ್ತಿದ್ದ. ಈಗ ನಾಲಿಗೆಗಿಟ್ಟೇ ನೋಡಬೇಕಾಯಿತು. ಯಾರಿಗೂ ಹೇಳಲಿಲ್ಲ.

ಹೇಳದಿದ್ದದ್ದು ಅವನ ತಪ್ಪು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದಕ್ಕಿಂತ ದೊಡ್ಡದೊಂದು ತಪ್ಪು ಅವನಿಗೇ ಗೊತ್ತಿಲ್ಲದೆ ನಡೆಯುತ್ತಿತ್ತು. ಒಳ್ಳೆಯ ತಗಡು ಬೆರಳಿಗೆ ಏನನ್ನೂ ಹೇಳುವುದಿಲ್ಲ, ಸುಮ್ಮನಿರುತ್ತದೆ. ಕೆಟ್ಟದ್ದು ಮಾತ್ರ ಎಡವಿಸುತ್ತದೆ. ಈಗ ಬೆರಳಿಗೆ ಎಲ್ಲ ತಗಡೂ ಸುಮ್ಮನಿರತೊಡಗಿತು. ಬೆರಳಣ್ಣ ಒಂದಾದ ಮೇಲೊಂದು ಗಾಡಿಗೆ "ಸರಿ ಇದೆ" ಎನ್ನುತ್ತ ಬಂದ. "ಕಾಲ ಸುಧಾರಿಸಿದೆ ಕಣೇ, ಮೊದಲಿನ ಹಾಗೆ ಜನ ಮೋಸ ಮಾಡ್ತಿಲ್ಲ" ಎಂದು ಒಂದು ಸಂಜೆ ಹೆಂಡತಿಗೆ ಖುಷಿಯಿಂದ ಹೇಳಿಯೂ ಇದ್ದ. ಪಾಪ, ನಿಜವಾಗಿಯೂ ನಂಬಿಕೊಂಡೇ ಹೇಳಿದ್ದ.

ಎರಡು ತಿಂಗಳ ಹಿಂದೆ ಪಾದದ ಹುಣ್ಣು ಮಾಯದೆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಸಕ್ಕರೆ ಕಾಯಿಲೆ ಎಂದರು. ಕೈ ಹಿಡಿದು ಸೂಜಿಯಲ್ಲಿ ಚುಚ್ಚಿ, ಹತ್ತಿಯಲ್ಲಿ ಸವರಿ, "ಗೊತ್ತಾಗುತ್ತಾ? ಇಲ್ಲಿ? ಇಲ್ಲಿ?" ಎಂದು ಕೇಳಿದರು. ಅವನು ಎರಡು ಸಲ ಸುಳ್ಳು ಹೇಳಿದ, ಎರಡು ಸಲವೂ ಸಿಕ್ಕಿಬಿದ್ದ. "ಬೆರಳಿನ ಸ್ಪರ್ಶ ಹೋಗಿದೆ" ಎಂದು ಚೀಟಿಯಲ್ಲಿ ಬರೆದು ಅವರು ಕೇಳಿದರು:

"ಏನು ಕೆಲಸ ಮಾಡ್ತೀರಿ?"

"ಹಳೇ ಗಾಡಿ ತಗೊಳ್ಳೋರಿಗೆ ಸಲಹೆ ಕೊಡ್ತೀನಿ."

"ಒಳ್ಳೇದಾಯ್ತು ಬಿಡಿ. ಬಾಯಿ ಕೆಲಸ. ಬೆರಳಿಂದ ನಿಮಗೆ ಅಂಥಾ ತೊಂದರೆ ಏನಿಲ್ಲ. ಬೆಂಕಿ ಹತ್ರ ಮಾತ್ರ ಹುಷಾರು."

ಅವನು ತಲೆಯಾಡಿಸಿ ಎದ್ದು ಬಂದ. ಅವನನ್ನು ಬೆರಳಣ್ಣ ಎಂದು ಕರೆಯುತ್ತಾರೆಂಬುದು ಆ ಊರಿಗೆ ಹೊಸಬರಾದ ಡಾಕ್ಟರಮ್ಮನಿಗೆ ತಿಳಿದಿರಲಿಲ್ಲ, ಅವನೂ ಹೇಳಲಿಲ್ಲ. ಅವರು ಬಲ್ಲದ್ದು ಅರ್ಧ, ಊರು ಬಲ್ಲದ್ದು ಇನ್ನರ್ಧ. ಎರಡೂ ಗೊತ್ತಿದ್ದವನು ಇವನೊಬ್ಬ.

ಅದೇ ಡಾಕ್ಟರಮ್ಮನಿಗೆ ಗಾಡಿ ಬೇಕಾಯಿತು. ಬೆಟ್ಟದಾಚೆಯ ಹಳ್ಳಿಗಳಿಗೆ ವಾರಕ್ಕೆರಡು ಸಲ ಔಷಧಿ ಒಯ್ಯಬೇಕು, ಅತ್ತ ಇಳಿಯುವ ದಾರಿ ಕಡಿದಾದ ಕಲ್ಲುಮಣ್ಣಿನದು, ಒಂದು ಪಕ್ಕ ಪ್ರಪಾತ. ಯಾರೋ ಶ್ರೀಮಂತರು ಓಡಿಸಿಬಿಟ್ಟ, ಕಲ್ಲುಮುಳ್ಳು ಲೆಕ್ಕಿಸದ ದುಬಾರಿ ಗಾಡಿಯೊಂದು ಮಾರಾಟಕ್ಕಿತ್ತು. ಆ ಗಾಡಿಯಲ್ಲಿ ಎರಡು ಮಾಡೆಲ್ಲು, ಹೊರಗಿನಿಂದ ಅವಳಿಜವಳಿ. ಚಿಕ್ಕ ಮಾಡೆಲ್ಲು ಪೇಟೆಯಲ್ಲಿ ಮೆರೆಯುವವರಿಗೆ. ದೊಡ್ಡ ಮಾಡೆಲ್ಲಿಗೆ ಹಿಂಬದಿಯಲ್ಲೊಂದು ಲಾಕ್ ಇರುತ್ತದೆ. ಒಂದು ಚಕ್ರ ಕೆಸರಿನಲ್ಲಿ ಹಿಡಿತ ಬಿಟ್ಟು ಸುಮ್ಮನೆ ತಿರುಗತೊಡಗಿದರೆ, ಗುಂಡಿ ಒತ್ತಿದೊಡನೆ ಎರಡೂ ಚಕ್ರ ಒಟ್ಟಿಗೇ ತಿರುಗುತ್ತವೆ. ಇದು ದೊಡ್ಡ ಮಾಡೆಲ್ಲೇ ಎಂದು ಮಾರುವವನು ಆಣೆ ಹಾಕುತ್ತಿದ್ದ. ಹೌದೋ ಅಲ್ಲವೋ ಬೆರಳಣ್ಣ ಹೇಳಬೇಕಿತ್ತು.

"ನನ್ನ ಪೇಷಂಟೇ ಇಂಥಾ ಪಂಡಿತರು ಅಂತ ಕಾಂಪೌಂಡರ್ ಈಗ ಹೇಳಿದ. ನೀವು ಒಂದು ಮಾತು ಹೂಂ ಅಂದ್ರೆ ನಾನು ಕಣ್ಮುಚ್ಚಿ ತಗೋತೀನಿ" ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದಾಗ ಅವನ ನಾಲಿಗೆಯ ತುದಿಗೆ ಸತ್ಯ ಬಂದು ನಿಂತಿತ್ತು. ಆದರೆ ಪಂಡಿತರು ಎಂಬ ಮಾತು ಅದನ್ನು ಒಳಕ್ಕೆ ತಳ್ಳಿತು. ಇಷ್ಟು ವರ್ಷದ ಅಭ್ಯಾಸವಿದೆ, ಸ್ವಲ್ಪ ಒತ್ತಿ ಸವರಿದರಾಯಿತು ಎಂದುಕೊಂಡ.

ಮಾರುವವನ ಷೆಡ್ಡು ಊರ ಹೊರಗಿನ ರಸ್ತೆಯಲ್ಲಿತ್ತು. ಬೆಳಿಗ್ಗೆ ಹತ್ತು ಗಂಟೆ. ಕಡುಹಸಿರು ಬಣ್ಣದ ಗಾಡಿ ನೀರು ಬಿಟ್ಟು ತೊಳೆಸಿಕೊಂಡು ಮದುವೆಗೆ ಹೊರಟಂತೆ ನಿಂತಿತ್ತು. ಮಾರುವವನು ದಪ್ಪನೆಯ ಆಸಾಮಿ. ಬೆರಳಣ್ಣನನ್ನು ಕಂಡೊಡನೆ ಹಣೆಯಲ್ಲಿ ಬೆವರು ಕಿತ್ತುಕೊಂಡಿತ್ತು, ಮಾತು ಅರಳು ಹುರಿದಂತೆ ಸಿಡಿಯುತ್ತಿತ್ತು. ಹಳೇ ಮಾಲೀಕನ ದೊಡ್ಡಸ್ತಿಕೆ, ಸೀಟಿನ ಚರ್ಮ, ಟೈರಿನ ಗೆರೆ, ಏನೆಲ್ಲ ವರ್ಣಿಸಿದ. ಕೆಲಸಕ್ಕೆ ಮೊದಲು ಟೀ ತರಿಸಿದ. ತೆಳು ಸ್ಟೀಲಿನ ಲೋಟ, ಕುದಿಯುವ ಟೀ. ತನ್ನ ಲೋಟವನ್ನು ಅವನು ಕರವಸ್ತ್ರ ಸುತ್ತಿ ಹಿಡಿದು, "ಬಿಸಿ ಇದೆ ಅಣ್ಣಾ, ಹುಷಾರು" ಎಂದ.

ಬೆರಳಣ್ಣ ತನ್ನದನ್ನು ಮೂರು ಬೆರಳಲ್ಲಿ ಹಿಡಿದು, ಗಾಡಿಯನ್ನೇ ನೋಡುತ್ತ, ಆರಾಮವಾಗಿ ನಿಂತಿದ್ದ.

ಮಾರುವವನ ಮಾತು ನಡುವೆಯೇ ನಿಂತಿತು. ಅವನು ಆ ಬೆರಳುಗಳನ್ನು ನೋಡಿದ. ಲೋಟದಿಂದೇಳುತ್ತಿದ್ದ ಹಬೆಯನ್ನು ನೋಡಿದ. ಮತ್ತೆ ಬೆರಳುಗಳನ್ನು ನೋಡಿದ. ಆಮೇಲೆ ಕರವಸ್ತ್ರದಿಂದ ಹಣೆ ಒರೆಸಿಕೊಂಡು ಒಂದು ಕುರ್ಚಿ ಎಳೆದು ಕುಳಿತ. ಮುಖದಲ್ಲಿ ಸಣ್ಣ ನಗೆ ಮೂಡಿತ್ತು.

"ಆತುರ ಏನಿಲ್ಲ ಅಣ್ಣಾ. ನಿಧಾನವಾಗಿ ಕೈಯಾಡಿಸಿ. ಎಲ್ಲಾ ಕಡೆ ಸವರಿ ನೋಡಿ."

ಅವನು ಇದ್ದಕ್ಕಿದ್ದಂತೆ ತೆಪ್ಪಗಾದದ್ದನ್ನು ಬೆರಳಣ್ಣ ಗಮನಿಸದೇ ಇರಲಿಲ್ಲ. ತನ್ನ ಮೇಲಿನ ಗೌರವ ಎಂದುಕೊಂಡ. ಬಗ್ಗಿ ನಂಬರು ಓದಿದ. ಮಾಡೆಲ್ಲು ಹೇಳುವ ಅಕ್ಷರಗಳು ದೊಡ್ಡ ಮಾಡೆಲ್ಲಿನವೇ. ನಂಬರಿನ ಸುತ್ತ ಬೆರಳಾಡಿಸಿದ. ಒತ್ತಿ ಆಡಿಸಿದ. ತೊಲೆಯ ಉದ್ದಕ್ಕೂ ಎಳೆದ. ತಗಡು ಸುಮ್ಮನಿತ್ತು. ಲಾಕಿನ ಗುಂಡಿ ಒತ್ತಿದರೆ ದೀಪವೂ ಹೊತ್ತಿಕೊಂಡಿತು. ಚಕ್ರ ಎತ್ತಿ ತಿರುಗಿಸಿ ನೋಡಬೇಕೆಂದು ಜ್ಯಾಕ್ ಕೇಳಿದ. ಯಾರೋ ಒಯ್ದಿದ್ದಾರೆ, ಬರುವುದು ಸಂಜೆಯಾಗುತ್ತದೆ ಎಂದ ಮಾರುವವನು. ಮುಂಚಿನ ಬೆರಳಣ್ಣನಾಗಿದ್ದರೆ ಸಂಜೆಗೇ ಬರುತ್ತೇನೆಂದು ಎದ್ದುಹೋಗುತ್ತಿದ್ದ. ಇವತ್ತು ಹಾಗೆ ಹೇಳಲು ಅವನಿಗೆ ಅಳುಕು. ಬೆರಳಿನ ಮೇಲೆ ನಂಬಿಕೆಯಿಲ್ಲವೇ ಎಂದು ಇವನು ಕೇಳಿಬಿಟ್ಟರೆ?

ಎಂದಿನಂತೆ ಕಾಗದ ಹಿಡಿದು ಪೆನ್ಸಿಲ್ ಉಜ್ಜಿ, ಮಡಿಸಿ ಜೇಬಿಗಿಟ್ಟುಕೊಂಡು, ಡಾಕ್ಟರಮ್ಮನಿಗೆ ಫೋನು ಮಾಡಿದ.

"ಸರಿ ಇದೆ ಡಾಕ್ಟರಮ್ಮ. ಹೇಳಿದ ಮಾಡೆಲ್ಲೇ. ತಗೊಳ್ಳಿ."

ಮನೆಗೆ ಬಂದು ಉಂಡು, ಗೋಡೆಗೊರಗಿ ಕಣ್ಣು ಮುಚ್ಚಿದ್ದ. ಹೆಂಡತಿ ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಸರಿಸಿ, ಅಂಟು ಹಚ್ಚಲು ಕಾಗದ ಬಿಡಿಸಿದಳು. ಬಿಡಿಸಿದವಳು ಅಂಟಿಸಲಿಲ್ಲ. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದಳು.

"ರೀ, ಇದಕ್ಕೆ ತೇಪೆ ಹಾಕಿದಾರಲ್ಲ?"

"ಯಾವುದಕ್ಕೆ?"

"ಈ ನಂಬರಿಗೆ. ನೋಡಿ ಇಲ್ಲಿ, ಸುತ್ತ ಗೆರೆ ಬಂದಿದೆ. ಹರಿದ ಕಡೆ ತುಂಡು ಬಟ್ಟೆ ಇಟ್ಟು ನಾನು ಹೊಲಿಯಲ್ವಾ, ಹಾಗೇ ಇದೆ. ಮೂಲೆ ಬೇರೆ ಸರಿಯಾಗಿ ತಿರುಗಿಸಿಲ್ಲ, ದರಿದ್ರ ಕೆಲಸ."

ಅವನು ಎದ್ದು ಬಂದು ನೋಡಿದ. ಪೆನ್ಸಿಲಿನ ಬೂದು ಬಣ್ಣದಲ್ಲಿ, ನಂಬರಿನ ಸುತ್ತ, ನಾಲ್ಕೂ ಕಡೆ, ಕೂದಲೆಳೆಯಷ್ಟು ಕಪ್ಪು ಗೆರೆ ಸ್ಪಷ್ಟವಾಗಿ ಮೂಡಿತ್ತು. ಬೆರಳು ಎಡವದ ಜಾಗದಲ್ಲೆಲ್ಲ ಪೆನ್ಸಿಲು ಎಡವಿತ್ತು. ನಂಬರು ಕಸಿ ಮಾಡಿದ್ದಾರೆಂದರೆ ಆ ತೊಲೆಯಲ್ಲಿ ಇನ್ನೆಲ್ಲಿ ಏನನ್ನು ಕತ್ತರಿಸಿ ಜೋಡಿಸಿದ್ದಾರೋ!

ಡಾಕ್ಟರಮ್ಮನ ಫೋನು ಸಿಗಲಿಲ್ಲ. ಆಸ್ಪತ್ರೆಗೆ ಮಾಡಿದ.

"ಹನ್ನೆರಡಕ್ಕೇ ಹೊಸ ಗಾಡಿ ತಗೊಂಡು ಬೆಟ್ಟಕ್ಕೆ ಹೋದ್ರಲ್ಲ" ಎಂದ ಕಾಂಪೌಂಡರ್. "ನರ್ಸಮ್ಮನೂ ಜೊತೆಗಿದ್ದಾರೆ. ಬೆಟ್ಟದಲ್ಲಿ ಸಿಗ್ನಲ್ ಎಲ್ಲಾ ಕಡೆ ಸಿಗಲ್ಲ ಬೆರಳಣ್ಣ. ಯಾಕೆ?"

ಬೆಟ್ಟದ ಬುಡದ ಪೆಟ್ರೋಲ್ ಬಂಕಿಗೆ ಮಾಡಿದ. ಹಸಿರು ಗಾಡಿ ಡೀಸೆಲ್ ಹಾಕಿಸಿಕೊಂಡು ಹೋಗಿ ಅರ್ಧ ಗಂಟೆಯಾಯಿತು ಎಂದರು. ಮುಂದೆ ಯಾರಿಗೆ ಫೋನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ಕಾಗದವನ್ನು ಹೆಂಡತಿಯ ಕೈಯಲ್ಲೇ ಬಿಟ್ಟು, ಕೀಲಿಕೈ ಹಿಡಿದು ಹೊರಗೋಡಿದ.

"ಎಲ್ಲಿಗೆ? ಏನಾಯ್ತು ಅಂತಾದ್ರೂ ಹೇಳಿ!"

"ನನ್ನ ಬೆರಳು ಸತ್ತಿದೆ ಕಣೇ" ಎಂದ. ಹೆಂಡತಿಗೆ ಅವನು ಅದನ್ನು ಹೇಳಿದ್ದು ಅದೇ ಮೊದಲು, ಅದೂ ಬಾಗಿಲಾಚೆ ನಿಂತು.

ಅವನ ಹಳೇ ಕಾರು ಬೆಟ್ಟದ ದಾರಿಯಲ್ಲಿ ಏದುಸಿರು ಬಿಡುತ್ತ ಹತ್ತಿತು. ಹಿಂದಿನ ವಾರದ ಮಳೆಗೆ ಅಂಚು ಅಲ್ಲಲ್ಲಿ ಕುಸಿದಿತ್ತು. ಪ್ರತಿ ತಿರುವಿನಲ್ಲೂ ಅವನ ಕಣ್ಣು ರಸ್ತೆಗಿಂತ ಮೊದಲು ಪ್ರಪಾತಕ್ಕೆ ಹೋಗುತ್ತಿತ್ತು. ಹಸಿರು ಗಿಡಗಳ ನಡುವೆ ಹಸಿರು ಬಣ್ಣದ ಗಾಡಿ! ಬಿದ್ದಿದ್ದರೂ ಕಾಣುವುದು ಹೇಗೆ? ಎದುರಿಗೆ ಬಂದ ಸೌದೆ ಲಾರಿಯವನನ್ನು ಕೈಯಡ್ಡ ಹಾಕಿ ನಿಲ್ಲಿಸಿ ಕೇಳಿದ. ತಾನು ಯಾವ ಗಾಡಿಯನ್ನೂ ಕಾಣಲಿಲ್ಲ ಎಂದ ಲಾರಿಯವನು.

ನೆತ್ತಿ ದಾಟಿ, ಇಳಿಜಾರು ಆರಂಭವಾಗುವ ಕಡೆ, ಪಕ್ಕಕ್ಕೆ ಕವಲೊಡೆದ ಮಣ್ಣಿನ ಹಾದಿಯಲ್ಲಿ ಗಾಡಿ ವಾಲಿಕೊಂಡು ನಿಂತಿತ್ತು. ನರ್ಸಮ್ಮ ಕಲ್ಲಿನ ಮೇಲೆ ಕುಳಿತು ಬುತ್ತಿ ತಿನ್ನುತ್ತಿದ್ದರು. ಡಾಕ್ಟರಮ್ಮ ಸೀರೆಯಂಚಿಗೆಲ್ಲ ಕೆಸರು ಮಾಡಿಕೊಂಡು ಚಕ್ರದ ಹತ್ತಿರ ನಿಂತಿದ್ದರು. ಅವರಿಬ್ಬರನ್ನು ಕಂಡು ಬೆರಳಣ್ಣನಿಗೆ ಅಳು ಬಂದುಬಿಟ್ಟಿತು.

"ಅರೆ, ನೀವೇ ಬಂದ್ರಾ! ಲಾಕ್ ಪರೀಕ್ಷೆ ಮಾಡೋಣ ಅಂತ ಈ ಕೆಸರಿಗೆ ತಂದೆ, ಲಾಕ್ ಹಾಕಿದ್ರೂ ಹಿಂದಿನ ಒಂದೇ ಚಕ್ರ ತಿರುಗ್ತಿದೆ ನೋಡಿ. ನನಗೇ ಓಡಿಸೋಕೆ ಬರಲ್ವೇನೋ ಅಂತ, ಇಳಿಯೋಕೆ ಮುಂಚೆ ಇಲ್ಲೇ ನಿಲ್ಲಿಸಿದೆ."

ಅವನು ಕೆಸರಿನಲ್ಲೇ ಅಂಗಾತ ಮಲಗಿ ಗಾಡಿಯಡಿಗೆ ತೂರಿದ. ಈ ಸಲ ಬೆರಳಾಡಿಸಲಿಲ್ಲ. ಟಾರ್ಚು ಬಿಟ್ಟು, ಚಾಕುವಿನಿಂದ ತೊಲೆಯ ಮೇಲಿನ ಕಪ್ಪು ಲೇಪ ಕೆರೆದ. ಗಾಡಿಯ ನಟ್ಟನಡುವೆ, ತೊಲೆಗೆ ಅಡ್ಡಲಾಗಿ ಬೆಸುಗೆ. ಮುಂದಿನ ಅರ್ಧ ದೊಡ್ಡ ಮಾಡೆಲ್ಲು, ಹಿಂದಿನ ಅರ್ಧ, ನಂಬರು ಕಸಿ ಮಾಡಿದ ಕಡೆಯದು, ಚಿಕ್ಕ ಮಾಡೆಲ್ಲು. ಬೆಸುಗೆಯ ಒಂದು ಕಡೆ ಆಗಲೇ ಬಿರುಕು ಬಾಯಿಬಿಟ್ಟಿತ್ತು. ಅದರೊಳಗೆ ಚಾಕುವಿನ ತುದಿ ಸಲೀಸಾಗಿ ಹೋಯಿತು. ಇಳಿಜಾರಿನ ಮೂರನೆಯ ತಿರುವಿನವರೆಗೆ ಆ ಗಾಡಿ ಒಂದಾಗಿ ಇರುತ್ತಿತ್ತೋ ಇಲ್ಲವೋ.

ಹೊರಗೆ ಬಂದು, ಕೆಸರುಗೈ ಮುಗಿದು ನಿಂತು, ಎಲ್ಲವನ್ನೂ ಹೇಳಿದ. ಡಾಕ್ಟರಮ್ಮ ಅವನ ಬಲಗೈ ಹಿಡಿದು ತಿರುಗಿಸಿ ನೋಡಿದರು. ಮೂರು ಬೆರಳ ತುದಿಯಲ್ಲೂ ಬೊಬ್ಬೆ ಎದ್ದಿತ್ತು.

"ಇದೇನು?"

"ಟೀ ಲೋಟ ಇರಬೇಕು" ಎಂದವನಿಗೆ, ಆ ಮಾತು ಬಾಯಿಂದ ಬಿದ್ದೊಡನೆ ಮಾರುವವನ ನಗೆ ನೆನಪಾಯಿತು.

"ಬೆರಳಿಂದ ಕೆಲಸ ಅಂತ ನನಗೆ ಯಾಕೆ ಹೇಳಲಿಲ್ಲ ನೀವು?"

"ನಾಚಿಕೆ ಆಯ್ತು ಡಾಕ್ಟರಮ್ಮ."

ಔಷಧಿ ಪೆಟ್ಟಿಗೆಗಳನ್ನು ತನ್ನ ಕಾರಿಗೆ ತುಂಬಿಕೊಂಡು, ಇಬ್ಬರನ್ನೂ ಕೂರಿಸಿಕೊಂಡು ಊರಿನ ಕಡೆ ಇಳಿದ. ಅರ್ಧ ದಾರಿಯಲ್ಲಿ ಡಾಕ್ಟರಮ್ಮ ಹಿಂದಿನ ಸೀಟಿನಿಂದ, "ಸ್ಪರ್ಶ ಹೋಗಿ ಎಷ್ಟು ದಿನ ಆಯ್ತು? ಈಗಲಾದ್ರೂ ನಿಜ ಹೇಳಿ" ಎಂದರು.

"ಒಂದೂವರೆ ವರ್ಷ."

"ಅಷ್ಟರಲ್ಲಿ ಎಷ್ಟು ಗಾಡಿ ನೋಡಿದ್ದೀರಿ?"

ಅಲ್ಲಿಯವರೆಗೆ ಆ ಲೆಕ್ಕ ಅವನ ತಲೆಗೇ ಬಂದಿರಲಿಲ್ಲ. ಎರಡು ಜೀವ ಉಳಿಯಿತೆಂಬ ನೆಮ್ಮದಿಯಲ್ಲೇ ಇದ್ದ. ಕಾಲ ಸುಧಾರಿಸಿದೆ ಎಂದು ತಾನೇ ಹೇಳಿದ್ದು ನೆನಪಾಯಿತು. ಇಬ್ಬರನ್ನೂ ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ನೇರ ಮನೆಗೆ ಓಡಿಸಿದ.

ಮನೆಗೆ ಬಂದಾಗ ನಾಲ್ಕೂವರೆ. ಯಂತ್ರ ನಿಂತಿತ್ತು. ಹೊಲಿಯಬೇಕಾದ ಬಟ್ಟೆಗಳೆಲ್ಲ ಮೂಲೆ ಸೇರಿದ್ದವು. ಹೆಂಡತಿ ಕಿಟಕಿಯ ಕೆಳಗೆ ನೆಲದ ಮೇಲೆ ನೋಟ್‌ಬುಕ್ ಹರಡಿಕೊಂಡು, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಕುಳಿತಿದ್ದಳು. ತಲೆ ಎತ್ತಲಿಲ್ಲ.

"ಡಾಕ್ಟರಮ್ಮ?"

"ಕ್ಷೇಮ."

"ಸದ್ಯ" ಎಂದಳು. ಆದರೆ ದನಿಯಲ್ಲಿ ಗೆಲುವಿರಲಿಲ್ಲ. "ನೀವು ಹೋದಾಗಿನಿಂದ ನೋಡ್ತಾ ಇದೀನಿ. ಹೋದ ವರ್ಷದ್ದೂ ನೋಡಿದೆ. ಅಂಟಿಸುವಾಗ ಬರಿಗಣ್ಣಿಗೆ ಕಾಣದ್ದು ಭೂತಗನ್ನಡಿಗೆ ಕಾಣ್ತಿದೆ. ತೇಪೆ ಕಂಡಲ್ಲೆಲ್ಲ ಗುರುತು ಇಟ್ಟಿದೀನಿ."

ನೋಟ್‌ಬುಕ್ಕಿನ ಹಾಳೆಗಳ ಅಂಚಿನಲ್ಲಿ ಗುಂಡುಸೂಜಿಗಳು ಸಾಲಾಗಿ ಚುಚ್ಚಿಕೊಂಡಿದ್ದವು. ಬೆರಳಣ್ಣ ಎಣಿಸಿದ. ಹನ್ನೊಂದು. ಅವನು ಹನ್ನೊಂದು ಮನೆಯವರಿಗೆ, ಎದೆಯ ಮೇಲೆ ಕೈಯಿಟ್ಟು, ಸರಿ ಇದೆ ಎಂದಿದ್ದ. ಇನ್ನೂ ಅರ್ಧ ನೋಟ್‌ಬುಕ್ ನೋಡುವುದು ಬಾಕಿಯಿತ್ತು.

ಅವನು ಅವಳ ಪಕ್ಕದಲ್ಲಿ ಕುಸಿದು ಕುಳಿತ. ಅವಳು ಮೊದಲನೆಯ ಸೂಜಿಯ ಹಾಳೆ ತೆರೆದು, ತಾನೇ ಬರೆದ ಫೋನು ನಂಬರನ್ನು ಓದಿ ಹೇಳಿದಳು, ಅವನು ಫೋನು ಮಾಡಿದ. ಆ ಕಡೆಯಿಂದ ಒಬ್ಬ ಹೆಂಗಸಿನ ದನಿ.

"ಅಮ್ಮಾ, ನಾನು ಬೆರಳಣ್ಣ. ಗಾಡಿ ನೋಡೋಕೆ ಬಂದಿದ್ದೆನಲ್ಲ, ಹೋದ ವರ್ಷ."

"ಅಯ್ಯೋ, ನೆನಪಿಲ್ಲದೆ ಏನಣ್ಣ! ಚೆನ್ನಾಗಿದ್ದೀರಾ?"

"ಗಾಡಿ ಎಲ್ಲಿದೆಯಮ್ಮಾ ಈಗ? ಅದನ್ನ ಓಡಿಸಬೇಡಿ. ನನ್ನ ಬೆರಳಿಗೆ ಗೊತ್ತಾಗ್ತಿರಲಿಲ್ಲ, ನಾನು ತಪ್ಪು ಹೇಳಿದೆ."

"ಏನು ತಪ್ಪು?" ದನಿಯಲ್ಲಿ ಇನ್ನೂ ನಗುವಿತ್ತು. "ಮಕ್ಕಳಿಗೆ ರಜ ಅಲ್ವಾ, ಬೆಳಿಗ್ಗೆನೇ ನಮ್ಮನೆಯವರು ಎಲ್ಲರನ್ನೂ ಕೂರಿಸ್ಕೊಂಡು ಬೆಟ್ಟದ ಕಡೆ ಹೋಗಿದಾರೆ. ನಾನು ಬೇಡ ಅಂದೆ. ಬೆರಳಣ್ಣ ಸರಿ ಅಂದ ಗಾಡಿ, ಭಯ ಯಾಕೆ ಅಂದ್ರು."

ಅವನು ಆಕೆಯ ಗಂಡನ ಫೋನು ನಂಬರು ಕೇಳಿದ. ಹೆಂಡತಿ ಹಾಳೆಯ ಅಂಚಿನಲ್ಲಿ ಬರೆದುಕೊಂಡಳು. ಅದನ್ನು ನೋಡಿಕೊಂಡು ಒಂದೊಂದೇ ಗುಂಡಿ ಒತ್ತತೊಡಗಿದ. ಒತ್ತಿತೋ ಇಲ್ಲವೋ ಬೊಬ್ಬೆಯೆದ್ದ ಬೆರಳಿಗೆ ತಿಳಿಯಲಿಲ್ಲ. ಎರಡು ಸಲ ತಪ್ಪಿತು. ಹೆಂಡತಿ ಫೋನು ಕಸಿದುಕೊಂಡು ತಾನೇ ಒತ್ತಿ, ಅವನ ಕಿವಿಗೆ ಹಿಡಿದಳು. ಆ ಕಡೆ ಗಂಟೆ ಹೊಡೆಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ.